ಬೂದೆವ್ವನ ಟಬ್ಬು

ಗುರುವಾರ ಬೆಳಿಗ್ಗೆ ಎಂಟಕ್ಕೆ ಬಳ್ಳಾರಿಯ ಕೌಲ್ ಬಜಾರಿನ ಆ ಸಣ್ಣ ಗಲ್ಲಿಯಲ್ಲಿ ನೀಲಾವತಿಯ ದನಿ ಏರಿದ್ದೇ ತಡ, ಎದುರುಮನೆಯವರು ಹಲ್ಲುಜ್ಜುವುದನ್ನು ಅರ್ಧಕ್ಕೇ ಬಿಟ್ಟು ಕಟ್ಟೆಗೆ ಬಂದು ನಿಂತರು. ಆಕೆ ಸಿಟ್ಟಾಗುವುದು ಗಲ್ಲಿಗೆ ಹೊಸದೇನಲ್ಲ. ಆದರೆ ಇವತ್ತಿನದು ಬೇರೆ ಥರದ ಸಿಟ್ಟು. ಆಕೆಯ ಕೈಯಲ್ಲಿ, ಹೊಲಿದು ಮುಗಿಸಿದ ಜೀನ್ಸ್ ಪ್ಯಾಂಟುಗಳ ಬಂಡಲಿತ್ತು, ಆ ಬಂಡಲಿನಿಂದ ತೊಟ್ಟಿಕ್ಕುತ್ತಿದ್ದದ್ದು ನೀರಲ್ಲ.

“ಬರ್ರಿ ಇಲ್ಲಿ! ಬಂದು ಮೂಸಿ ನೋಡ್ರಿ ನಿಮ್ಮ ಬೂದೆವ್ವನ ಪ್ರಸಾದ!”

ಗಂಡ ಮಾರೇಶ ಚಹಾದ ಲೋಟ ಹಿಡಿದುಕೊಂಡೇ, ತನ್ನ ನಡಿಗೆಯಲ್ಲೇ ಹೊರಗೆ ಬಂದ. ಮೂಸು ಎಂದರೆ ಮೂಸುವ ಮನುಷ್ಯ. ಬಗ್ಗಿ, ಬಂಡಲಿಗೆ ಮೂಗು ಹಚ್ಚಿ, ಒಂದು ಗಳಿಗೆ ಯೋಚನೆ ಮಾಡಿ, “ಹೌದು, ಅದರದ ಐತಿ” ಅಂದ. ಎದುರುಮನೆಯ ಕಟ್ಟೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನೀಲಾವತಿ ಜೀನ್ಸ್ ಹೊಲಿಯಲು ಕೂತು ಹದಿನೆಂಟು ವರ್ಷ. ಕತ್ತರಿಸಿದ ಪೀಸುಗಳು ಬೆಳಿಗ್ಗೆ ಮನೆಗೆ ಬರುತ್ತವೆ, ಮರುದಿನ ಸಂಜೆ ಪ್ಯಾಂಟಾಗಿ ಹೋಗುತ್ತವೆ. ಕೆಲಸ ಹಂಚುವ ಮೇಸ್ತ್ರಿ ಪ್ರಭುಲಿಂಗ ಬೇರೆಯವರ ಬಂಡಲನ್ನು ಬಿಚ್ಚಿ, ಹೊಲಿಗೆ ಎಳೆದು, ದಾರ ಕಚ್ಚಿ ನೋಡುತ್ತಾನೆ. ನೀಲಾವತಿಯದನ್ನು ಬಿಚ್ಚದೆ ಹೆಗಲಿಗೇರಿಸುತ್ತಾನೆ. ಇಷ್ಟು ವರ್ಷದಲ್ಲಿ ಒಂದೇ ಒಂದು ಬಂಡಲೂ ವಾಪಸು ಬಂದಿಲ್ಲ. ಆಕೆಗೆ ಚಿನ್ನ ಬೆಳ್ಳಿ ಇಲ್ಲ, ಇರುವುದೆಲ್ಲ ಈ ಹೆಸರು. ಆ ಹೆಸರಿನ ಮೇಲೆ ಈಗ ಬೆಕ್ಕೊಂದು ಉಚ್ಚೆ ಹೊಯ್ದಿತ್ತು.

“ಹೆಂಗೂ ಇವು ಒಗಿಯಾಕ ಹೋಗ್ತಾವಲ್ಲ ನೀಲಾ,” ಎಂದ ಮಾರೇಶ. ಹೊಲಿದ ಜೀನ್ಸು ಬಣ್ಣ ತಿಳಿಯಾಗಲೆಂದು ವಾಷಿಂಗ್ ಯೂನಿಟ್ಟಿಗೆ ಹೋಗುವುದು ನಿಜ. ಆದರೆ ಎಲ್ಲ ನಿಜವನ್ನೂ ಹೆಂಡತಿಯ ಮುಂದೆ ಹೇಳಬಾರದು ಎಂಬುದು ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದರೂ ಈ ಮನುಷ್ಯನಿಗೆ ತಿಳಿದಿರಲಿಲ್ಲ.

ನೀಲಾವತಿ ಬಂಡಲನ್ನು ಕಲ್ಲಿನ ಮೇಲೆ ಕುಕ್ಕಿದಳು. “ಕೇಳ್ರಿ ಇಲ್ಲಿ. ನಾಳಿ ಬಿಟ್ಟು ಮುಂದಿನ ಶುಕ್ರವಾರ ಅಮಾಸಿ. ನಾನು ಮಷಿನ್ನಿಗೆ ಕಾಯಿ ಒಡಿಯೋದ್ರೊಳಗ ಈ ಬೆಕ್ಕು ಬಚ್ಚಲಾಗಿನ ಉಸುಕಿನ ಟಬ್ಬಿನಾಗ ಕುಂದ್ರೋದು ಕಲೀಬೇಕು. ಇಲ್ಲಾಂದ್ರ ಕುರುಗೋಡಿಗೆ, ನಮ್ಮ ತಮ್ಮ ಹುಲುಗೇಶನ ಮನಿಗೆ. ಅಲ್ಲಿ ಜೋಳದ ಚೀಲ ಅದಾವ, ಇಲಿ ಅದಾವ, ಹಿತ್ತಲ ತುಂಬ ಎಲ್ಲಿ ಬೇಕಾದ್ರೂ ಮಾಡ್ಲಿ.”

ಮಾರೇಶ ಲೋಟದ ಕೊನೆಯ ಗುಟುಕು ಕುಡಿದ. “ಇನ್ನೊಂದು ಸಲ ಜಾಗ ಬದ್ಲಿ ಮಾಡಿದ್ರ ಅದು ಉಳಿಯಂಗಿಲ್ಲ,” ಎಂದು ಮೆಲ್ಲಗೆ ಹೇಳಿ ಒಳಗೆ ಹೋದ. ಆಕೆಗೂ ಅದು ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಸಿಟ್ಟು ಇನ್ನಷ್ಟು ಬಂತು.

ಆ ಬೆಕ್ಕು ಬಂದದ್ದು ಹದಿಮೂರು ದಿನದ ಹಿಂದೆ, ಒಂದು ಶುಕ್ರವಾರ. ಮಾರೇಶನದು ಸಣ್ಣ ಗೂಡ್ಸ್ ಗಾಡಿ. ಸಿರುಗುಪ್ಪದ ಗಿರಣಿಗಳಿಂದ ಬಳ್ಳಾರಿಯ ಅಂಗಡಿಗಳಿಗೆ ಅಕ್ಕಿ ತರುತ್ತಾನೆ. ಅವತ್ತು ಒಂದು ಹಳೇ ಗಿರಣಿಯನ್ನು ಕೊಂಡ ಹೊಸ ಯಜಮಾನರು ಮೂಲೆಮೂಲೆ ಗುಡಿಸಿ ಸ್ವಚ್ಛ ಮಾಡಿಸುತ್ತಿದ್ದರು. ಹಮಾಲ ಪಕ್ಕೀರಪ್ಪನ ಕೈಯಲ್ಲಿ ಬಾಯಿ ಕಟ್ಟಿದ ಗೋಣಿಚೀಲವಿತ್ತು, ಚೀಲ ಒದ್ದಾಡುತ್ತಿತ್ತು. ಹಚ್ಚೊಳ್ಳಿ ಕಡೆ ಕಾಲುವೆ ದಾಟಿಸಿ ಒಗೆದು ಬಾ ಎಂದಿದ್ದರಂತೆ. ಕಾಲುವೆ ದಾಟಿಸಿದರೆ ಬೆಕ್ಕಿಗೆ ಮನೆಯ ದಾರಿ ಸಿಗುವುದಿಲ್ಲವೆಂಬ ಲೆಕ್ಕ. ಪಕ್ಕೀರಪ್ಪನಿಗೂ ಮನಸ್ಸಿರಲಿಲ್ಲ. ಮಾರೇಶ “ತಾ ಇಲ್ಲಿ” ಅಂದ, ಅಷ್ಟೇ.

ಚೀಲ ಬಿಚ್ಚಿದಾಗ ಹೊರಬಿದ್ದದ್ದು ಬೂದಿ ಬಣ್ಣದ, ಎಲುಬು ಎಣಿಸಬಹುದಾದ ಒಂದು ಹೆಣ್ಣುಬೆಕ್ಕು. ಬಿದ್ದದ್ದೇ ಬೀರುವಿನ ಹಿಂದಕ್ಕೆ ಓಡಿ ಎರಡು ದಿನ ಅನ್ನ ಹಾಲು ಮುಟ್ಟಲಿಲ್ಲ. ಅತ್ತೆ ದೊಡ್ಡಬಸಮ್ಮ ಮಂಚದ ಮೇಲೆ ಕೂತಲ್ಲಿಂದಲೇ ನೋಡಿ, “ಇದಕ್ಕ ಹೆಸರು ಇಡಾಕ ಜೋಯಿಸ ಬ್ಯಾಡ, ಬೂದೆವ್ವ ಅಂತ ಕರೀರಿ” ಎಂದಳು. ಮೂರನೆಯ ದಿನ ಬೂದೆವ್ವ ಹಾಲು ನೆಕ್ಕಿದಾಗ ಮಾರೇಶನ ಮುಖ ನೋಡಬೇಕಿತ್ತು. ಮಗಳು ಮೋಕಾ ಊರಿಗೆ ಮದುವೆಯಾಗಿ ಹೋದ ಮೇಲೆ ಅವನು ಅಷ್ಟು ಹಲ್ಲು ಬಿಟ್ಟು ನಕ್ಕದ್ದನ್ನು ನೀಲಾವತಿ ಕಂಡಿರಲಿಲ್ಲ.

ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಟಬ್ಬಿಟ್ಟು ಉಸುಕು ತುಂಬಿದ್ದ. ಬೂದೆವ್ವ ಅದರಲ್ಲಿ ಹೋಯಿತು ಕೂಡ. ಆಮೇಲೆ ಏನಾಯಿತೋ, ಟಬ್ಬಿನ ಹತ್ತಿರ ಸುಳಿಯುವುದನ್ನೇ ಬಿಟ್ಟಿತು. ಬೀರುವಿನ ಪಕ್ಕದ ಮೂಲೆ ಆಯಿತು, ಅತ್ತೆ ಹೊದೆಯುವ ಕೌದಿ ಆಯಿತು, ಈಗ ಬಂಡಲು.

ನೀಲಾವತಿ ಕೈಕಟ್ಟಿ ಕೂರುವವಳಲ್ಲ. ದಿನಕ್ಕೆ ಎರಡು ಹೊತ್ತು ಟಬ್ಬು ತಿಕ್ಕಿ, ಫಿನಾಯಿಲ್ ಸುರಿದು, ಬಚ್ಚಲು ಘಮಘಮ ಅನ್ನುವಂತೆ ಮಾಡಿಟ್ಟಿದ್ದಳು. ದೊಡ್ಡಬಸಮ್ಮ ತನ್ನ ಪಾಲಿನ ವೈದ್ಯವನ್ನೂ ಮಾಡಿದಳು: ಒಣಮೆಣಸಿನಕಾಯಿ, ಉಪ್ಪು ಹಿಡಿದು ಬೀರುವಿನ ಕಡೆ ಮೂರು ಸಲ ದೃಷ್ಟಿ ಇಳಿ ತೆಗೆದು ಒಲೆಗೆ ಹಾಕಿದಳು. ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿ ಗಲ್ಲಿಗೆ ಓಡಿಬಂದರು. ಬೆಕ್ಕು ಮಾತ್ರ ಬೀರುವಿನ ಹಿಂದೆಯೇ ಸೀನುತ್ತ ಕೂತಿತು.

ಆ ಗುರುವಾರ ಸಂಜೆ ಪ್ರಭುಲಿಂಗ ಬಂದಾಗ ನೀಲಾವತಿ ತಲೆ ತಗ್ಗಿಸಿ ನಿಂತಳು. “ಇವತ್ತಿನ ಬಂಡಲು ಇಲ್ಲ ಪ್ರಭು. ಒಗೆದು ಹಾಕೀನಿ, ಒಣಗಿಲ್ಲ. ಹಿಂಗಿಂಗಾತು,” ಎಂದು ಇದ್ದದ್ದನ್ನೇ ಹೇಳಿದಳು.

ಅವನು ನಗಲಿಲ್ಲ. “ಬಿಡು ನೀಲಕ್ಕ, ನೀನು ಅಂತ ನಾಳಿ ಒಯ್ತೀನಿ. ಆದ್ರ ಮ್ಯಾಲಿನವ್ರಿಗೆ ವಾಸನಿ ಹೋತು ಅಂದ್ರ ನನ್ನ ಮಾತು ನಡಿಯಂಗಿಲ್ಲ ನೋಡು,” ಎಂದು, ಮೊದಲ ಸಲ, ಪಕ್ಕದಲ್ಲಿದ್ದ ಇನ್ನೊಂದು ಬಂಡಲನ್ನು ಬಿಚ್ಚಿ ನೋಡಿ ಕಟ್ಟಿಕೊಂಡು ಹೋದ. ಬಿಚ್ಚಿ ನೋಡಿದನಲ್ಲ! ಆಕೆಗೆ ಅಳು ಬಂತು. ಅತ್ತಳು ಕೂಡ, ಬಚ್ಚಲಿಗೆ ಹೋಗಿ, ಕೊಡದ ಸದ್ದು ಮಾಡುತ್ತ.

ಹೊರಬಂದಾಗ ಮಾರೇಶ ಬೀರುವಿನ ಮುಂದೆ ಕೂತು ಬೂದೆವ್ವನ ಜೊತೆ ಏನೋ ಪಿಸುಗುಡುತ್ತಿದ್ದ. ನೋಡಿ ಆಕೆಗೆ ರೇಗಿತು.

“ನೀವು ಅವ್ವನ ಮೊಣಕಾಲಿಗೆ ಅಂತ ಹಿತ್ತಲಾಗ ಸಂಡಾಸು ಕಟ್ಟಿದ್ರಿ. ಬೆಕ್ಕಿಗೆ ಅಂತ ಟಬ್ಬು ತಂದ್ರಿ. ನನಗ ಏನು ಮಾಡೀರಿ, ಹೇಳ್ರಿ ನೋಡೋಣ? ಇಪ್ಪತ್ತನಾಕು ವರ್ಷದಾಗ ನನಗಂತ ಒಂದು?”

ಮಾರೇಶ ತಲೆಯೆತ್ತಿ ನೋಡಿದ. ಹಾಲಿನ ಬಟ್ಟಲನ್ನು ಬೀರುವಿನ ಸಂದಿಗೆ ಸರಿಸಿದ. ಮಂಚದ ಮೇಲೆ ದೊಡ್ಡಬಸಮ್ಮ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿ ಮಗನ ಕಡೆ ನೋಡಿದಳು.

ಇವನಿಗೆ ಗಾಡಿ ಸ್ಟ್ಯಾಂಡಿನಲ್ಲಿ ‘ನಿಧಾನ ಮಾರೇಶ’ ಅಂತಲೇ ಹೆಸರು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಉಳಿದವರು ಹೋಗಿ ಊಟ ಮಾಡಿ ಎಲೆ ಹಾಕಿಕೊಳ್ಳುವಷ್ಟರಲ್ಲಿ ಇವನು ಮುಟ್ಟುತ್ತಾನೆ. ಹಗ್ಗ ಕಟ್ಟಿದರೆ ಮೂರು ಸಲ ಎಳೆದು ನೋಡುತ್ತಾನೆ. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವುದರೊಳಗೆ ಕೇಳಿದವರಿಗೆ ಪ್ರಶ್ನೆಯೇ ಮರೆತಿರುತ್ತದೆ. ಈ ಮಂದಗತಿಯನ್ನು ನೀಲಾವತಿ ಹಣೆಬರಹವೆಂದು ಒಪ್ಪಿಕೊಂಡಿದ್ದಳು. ಅದು ಒಂದು ವಿದ್ಯೆಯೂ ಆಗಿರಬಹುದು ಎಂದು ಆಕೆಗೆ ಗೊತ್ತಾದದ್ದು ಮುಂದಿನ ಎಂಟು ದಿನಗಳಲ್ಲಿ.

ಶುಕ್ರವಾರ ಅವನು ಬೂದೆವ್ವನನ್ನು ದನದ ದವಾಖಾನೆಗೆ ಒಯ್ದ. ಚೀಲದಲ್ಲಲ್ಲ, ಚೀಲ ಸರಬರ ಎಂದರೆ ಸಾಕು, ಆ ಜೀವ ಗೋಡೆ ಹತ್ತುತ್ತಿತ್ತು. ರಟ್ಟಿನ ಪೆಟ್ಟಿಗೆಗೆ ತೂತು ಕೊರೆದು, ಒಳಗೆ ತನ್ನ ಹಳೇ ಬನಿಯನ್ ಹಾಸಿ, ಅದು ತಾನಾಗಿ ಒಳಗೆ ಹೋಗುವ ತನಕ ಒಂದು ತಾಸು ಕಾದ. ಡಾಕ್ಟರಮ್ಮ ಹೊಟ್ಟೆ ಅಮುಕಿ, ಉಚ್ಚೆ ಪರೀಕ್ಷೆ ಮಾಡಿ, ಕಲ್ಲಿಲ್ಲ, ನಂಜಿಲ್ಲ ಎಂದರು. “ಇದಕ್ಕ ರೋಗ ಇಲ್ಲಪ್ಪಾ, ಭಯ ಐತಿ. ಬೈಬ್ಯಾಡ್ರಿ, ಹೊಡೀಬ್ಯಾಡ್ರಿ. ಅದಕ್ಕ ಯಾವುದು ಹಿಡಿಸ್ತಿಲ್ಲ ಅನ್ನೋದನ್ನ ನೀವ ನೋಡಿ ತಿಳ್ಕೋಬೇಕು.”

ನೋಡಿ ತಿಳಿದುಕೊಳ್ಳುವುದು! ಅಂಥ ಕೆಲಸವನ್ನು ಮಾರೇಶನಿಗೆ ಯಾರಾದರೂ ಹೇಳುತ್ತಾರೆಂದು ಅವನು ಹುಟ್ಟಿದಾಗಿನಿಂದ ಕಾಯುತ್ತಿದ್ದನೇನೋ. ಬೆಳಗಿನ ಒಂದು ಟ್ರಿಪ್ಪು ಮುಗಿಸಿ ಮಧ್ಯಾಹ್ನ ಮನೆಗೆ ಬಂದುಬಿಡುತ್ತಿದ್ದ. ಶನಿವಾರ ನೀಲಾವತಿ ಮಷಿನ್ನಿನಿಂದ ಎದ್ದು ಬಂದು ನೋಡಿದರೆ ಗಂಡ ಬಚ್ಚಲ ಹೊಸ್ತಿಲ ಮೇಲೆ ಗದ್ದ ಊರಿ, ಬೋರಲು ಮಲಗಿದ್ದಾನೆ.

“ಅಯ್ಯ ನನ್ನ ಶಿವನೇ! ಏನಾತ್ರಿ ನಿಮಗ?”

“ಏನಾಗಿಲ್ಲ. ಅದರ ಎತ್ತರಕ್ಕ ಕುಂತು ನೋಡಾಕತ್ತೀನಿ.” ಎದ್ದಾಗ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ನೀನೂ ಒಂದೀಟು ಮಲಗಿ ನೋಡು ನೀಲಾ. ನಿಂತಾಗ ಗೊತ್ತಾಗಂಗಿಲ್ಲ. ನೆಲದ ಮಟ್ಟಕ್ಕ ಫಿನಾಯಿಲ್ ಮೂಗು ಸುಡ್ತೈತಿ.”

ಮಲಗುವುದುಂಟೇ! ಆದರೆ ಅವನು ಆಚೆ ಹೋದ ಮೇಲೆ, ಅತ್ತೆ ಗುಡಿಗೆ ಹೋದದ್ದನ್ನು ಖಾತ್ರಿ ಮಾಡಿಕೊಂಡು, ನೀಲಾವತಿ ಸೆರಗು ಸಿಕ್ಕಿಸಿ ಹೊಸ್ತಿಲ ಮೇಲೆ ಮಲಗಿ ಮೂಗೆಳೆದಳು. ಎದ್ದು ಐದು ಸಲ ಸೀನಿದಳು. ತನ್ನ ಸ್ವಚ್ಛತೆಯೇ ತಪ್ಪಾಯಿತೆಂದು ಒಪ್ಪಿಕೊಳ್ಳುವುದು ಆ ಹೆಂಗಸಿಗೆ ಸಣ್ಣ ಮಾತಲ್ಲ. ಫಿನಾಯಿಲ್ ಡಬ್ಬಿಯನ್ನು ಅಟ್ಟಕ್ಕೆ ಒಗೆದು, ಟಬ್ಬನ್ನು ಬಿಸಿನೀರಿನಲ್ಲಿ ಮೂರು ಸಲ ತೊಳೆದು ಬಿಸಿಲಿಗಿಟ್ಟಳು.

ಆದರೂ ಬೂದೆವ್ವ ಟಬ್ಬಿಗೆ ಬರಲಿಲ್ಲ. ಬಚ್ಚಲ ಬಾಗಿಲ ತನಕ ಬಂದು, ಕುತ್ತಿಗೆ ಚಾಚಿ, ಮೇಲೆ ನಳದ ಕಡೆ ಒಮ್ಮೆ ನೋಡಿ, ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಹಿಂದಕ್ಕೆ ಹೋಗುತ್ತಿತ್ತು. ಭಾನುವಾರ ಪೂರ್ತಿ ಮಾರೇಶ ಅದನ್ನೇ ನೋಡಿದ. ಸಂಜೆ ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತ.

ಬಳ್ಳಾರಿಯ ಇಂಥ ಗಲ್ಲಿಗಳಲ್ಲಿ ಕ್ಯಾಲೆಂಡರಿಗೆ ಒಂದು ಹೆಚ್ಚಿನ ಕೆಲಸವಿದೆ. ನಳದಲ್ಲಿ ನೀರು ಎಂಟು ದಿನಕ್ಕೋ ಒಂಬತ್ತು ದಿನಕ್ಕೋ ಒಂದು ಸಲ. ಬಂದ ದಿನದ ಮನೆಯಲ್ಲಿ ಪೆನ್ಸಿಲ್ಲಿನಿಂದ ‘ನೀ’ ಎಂದು ಬರೆದಿಡಬೇಕು, ಮುಂದಿನದು ಯಾವಾಗ ಎಂದು ಎಣಿಸಲು. ನೀಲಾವತಿಯ ಕ್ಯಾಲೆಂಡರಿನಲ್ಲಿ ಹಬ್ಬಕ್ಕಿಂತ ‘ನೀ’ ದೊಡ್ಡದಾಗಿರುತ್ತದೆ.

“ನೀಲಾ, ಬೂದೆವ್ವ ಬಂದಿದ್ದು ಶುಕ್ರವಾರ. ಮೂರು ದಿನ ಟಬ್ಬಿನಾಗ ಹೋತು. ಸೋಮವಾರದಿಂದ ಬಿಡ್ತು. ಸೋಮವಾರ ಇಲ್ಲಿ ‘ನೀ’ ಐತಿ.” ಬೆರಳು ಕೆಳಗಿಳಿಯಿತು. “ಮೊನ್ನಿ ಬುಧವಾರ ‘ನೀ’ ಐತಿ. ಗುರುವಾರ ನಿನ್ನ ಬಂಡಲು.”

ನೀಲಾವತಿ ಮಷಿನ್ ನಿಲ್ಲಿಸಿದಳು. ಬೆಕ್ಕು ಎಲ್ಲೆಲ್ಲಿ ಹೋಯಿತು ಎಂದು ಎಲ್ಲರೂ ಲೆಕ್ಕವಿಟ್ಟಿದ್ದರು. ಟಬ್ಬನ್ನು ಬಿಟ್ಟದ್ದು ಯಾವತ್ತು ಎಂದು ಈ ಮನುಷ್ಯನೊಬ್ಬನೇ ಕೇಳಿದ್ದ. “ಎಂಥಾ ತಲಿ ಐತಿ!” ಎಂದು ಆಕೆಯ ಬಾಯಿಂದ ಹೊರಟೇ ಹೋಯಿತು.

“ಹೌದಲ್ಲೋ!” ಎಂದು ದೊಡ್ಡಬಸಮ್ಮ ಮಂಚದ ಮೇಲೆ ಎದ್ದು ಕೂತಳು. “ಅವತ್ತು ನೀರು ಬಂದಾಗ ಈ ಬೆಕ್ಕು ಟಬ್ಬಿನಾಗ ಕುಂತಿತ್ತು. ನಳ ಭುಸ್ಸ್ ಅಂತ ಗಾಳಿ ಬಿಟ್ಟು ಒದರಿತು. ನಾನು ನೀಲವ್ವ ಕೊಡ ತಗೊಂಡು ನುಗ್ಗಿದ್ವಿ. ನನ್ನ ಕೈಯಾಗಿನ ಕೊಡ ಬಿದ್ದು ಡಬಾರ್ ಅಂತು. ಅರ್ಧಕ್ಕ ಎದ್ದು ನನ್ನ ಕಾಲ ಮ್ಯಾಲೆ ಹಾರಿ ಓಡಿಹೋತು ಬಡಪಾಯಿ.”

ನೀರು ಬಂತೆಂದರೆ ಈ ಊರಲ್ಲಿ ಯಾರು ಯಾರನ್ನು ನೋಡುತ್ತಾರೆ? ಇರುವುದು ಒಂದೂವರೆ ತಾಸು, ತುಂಬಿಸಬೇಕಾದದ್ದು ನಾಲ್ಕು ಡ್ರಮ್ಮು. ಆ ಗಲಾಟೆಯ ನಟ್ಟನಡುವೆ ಬೆಕ್ಕಿನ ಸಂಡಾಸು ಇಟ್ಟವರು ಇವರೇ.

“ಕುಂತಾಗ ಅಂಜಿಸಿಬಿಟ್ರ, ಆ ಜಾಗಕ್ಕ ಯಾರು ಮತ್ತ ಹೋಗ್ತಾರ?” ಎಂದ ಮಾರೇಶ, ಯಾರಿಗೆಂದಿಲ್ಲದೆ.

ಯಾರಿಗೂ ಹೇಳದ ಒಂದು ಬೆಳಗು ನೀಲಾವತಿಗೆ ನೆನಪಾಯಿತು. ಮದುವೆಯಾಗಿ ಬಂದ ಹೊಸತು. ಕುರುಗೋಡಿನಲ್ಲಿ ಊರಾಚೆ ದೊಡ್ಡ ದೊಡ್ಡ ಬಂಡೆಗಳಿದ್ದವು, ಜೊತೆಗೆ ಗೆಳತಿಯರಿದ್ದರು, ಬಯಲಿಗೆ ಹೋಗುವುದೆಂದರೆ ಒಂದು ಮಾತುಕತೆ. ಇಲ್ಲಿ ಆಗ ಮನೆಯಲ್ಲಿ ಸಂಡಾಸಿರಲಿಲ್ಲ. ಗಲ್ಲಿಯ ಹೆಂಗಸರು ನಸುಕಿನಲ್ಲಿ ರೈಲುಪಟ್ಟಿ ಪಕ್ಕದ ಬಯಲಿಗೆ ಹೋಗುತ್ತಿದ್ದರು. ಎರಡನೆಯ ದಿನವೇ ಗೂಡ್ಸ್ ರೈಲೊಂದು ತಿರುವಿನಿಂದ ಬಂದು ಬೆಳಕನ್ನು ಸೀದಾ ಅವರ ಮೇಲೆ ಚೆಲ್ಲಿತು, ಡ್ರೈವರು ಕೂಗು ಹಾಕಿದ. ಉಳಿದವರು ನಗುತ್ತ ಎದ್ದು ನಿಂತರು, ಅವರಿಗೆ ರೂಢಿ. ಇಪ್ಪತ್ತೆರಡರ ಹೆಣ್ಣು ಅಲ್ಲೇ ಕಲ್ಲಾದಳು. ಆಮೇಲೆ ಎಷ್ಟೋ ದಿನ ಆಕೆಗೆ ಆ ಬಯಲಿಗೆ ಕಾಲೇ ಏಳಲಿಲ್ಲ. ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನು ಬಿಟ್ಟಳು, ಊಟ ಅರ್ಧ ಮಾಡಿದಳು, ಹೊಟ್ಟೆ ಉರಿದು ಜ್ವರ ಬಂತು. ಯಾರಿಗೆ ಹೇಳುವುದು, ಹೇಗೆ ಹೇಳುವುದು? ಅತ್ತೆಯ ಮೊಣಕಾಲು ಹಿಡಿದುಕೊಂಡು ಹಿತ್ತಲಲ್ಲಿ ಸಂಡಾಸು ಎದ್ದದ್ದೇ ತನ್ನ ಪುಣ್ಯ ಎಂದುಕೊಂಡಿದ್ದಳು. ಆ ಮೊಣಕಾಲಿಗೆ ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದಳೋ.

ಬೀರುವಿನ ಸಂದಿಯಿಂದ ಎರಡು ಹಳದಿ ಕಣ್ಣು ಆಕೆಯನ್ನು ನೋಡುತ್ತಿದ್ದವು. “ಟಬ್ಬು ಎಲ್ಲಿಡಬೇಕು ಹೇಳ್ರಿ,” ಎಂದಳು ನೀಲಾವತಿ.

ಮಾರೇಶ ತಲೆ ಕೆರೆದುಕೊಂಡ. ಅವನಿಗೆ ಜಾಗ ಗೊತ್ತಿತ್ತು, ಹೇಳಲು ಧೈರ್ಯ ಸಾಲದು. ಬೂದೆವ್ವ ತಾನೇ ಆರಿಸಿಕೊಂಡಿದ್ದ ಜಾಗ ಬೀರುವಿನ ಪಕ್ಕದ ಮೂಲೆ. ಅಲ್ಲಿಂದ ಎರಡು ಬಾಗಿಲೂ ಕಾಣುತ್ತವೆ, ಹಿಂದೆ ಗೋಡೆ, ಓಡಲು ಎರಡು ದಾರಿ. ತೊಂದರೆ ಏನೆಂದರೆ ಅದು ನೀಲಾವತಿ ಹದಿನೆಂಟು ವರ್ಷದಿಂದ ಮುಗಿದ ಬಂಡಲು ಇಡುವ ಜಾಗ. ಲಕ್ಷ್ಮಿಯ ಜಾಗ ಎಂದು ಅಲ್ಲಿಗೆ ಅರಿಸಿನ ಕುಂಕುಮ ಹಚ್ಚುತ್ತಾಳೆ.

“ಅಲ್ಲೇನು?” ಎಂದಳು.

“ಅಲ್ಲೇ.”

ಆಕೆ ಲಕ್ಷ್ಮಿಯ ಪಟವನ್ನೊಮ್ಮೆ ನೋಡಿದಳು, ಬೆಕ್ಕನ್ನೊಮ್ಮೆ ನೋಡಿದಳು. “ಆ ತಾಯಿಗೂ ತಿಳೀತೈತಿ ಬಿಡ್ರಿ, ಹೆಣ್ಣಲ್ಲೇನು,” ಎಂದು ಬಂಡಲುಗಳನ್ನು ಎತ್ತಿ ಬೆಂಚಿನ ಮೇಲಿಟ್ಟಳು. ಕುಂಕುಮ ಹಚ್ಚಿದ ಗೋಡೆಯನ್ನು ಸೆರಗಿನಿಂದ ಒರೆಸಿ, ಬೆಂಚಿನ ಕಾಲಿಗೆ ಹೊಸದಾಗಿ ಹಚ್ಚಿದಳು. ಲಕ್ಷ್ಮಿ ಜಾಗ ಬದಲಿಸಿದಳು, ಯಾರ ಮನೆಯೂ ಮುಳುಗಲಿಲ್ಲ.

ಸೋಮವಾರ ಮಾರೇಶ ಸಿರುಗುಪ್ಪದಲ್ಲಿ ಪಕ್ಕೀರಪ್ಪನನ್ನು ಹಿಡಿದು ಕೇಳಿದ, “ಆ ಬೆಕ್ಕು ನಿಮ್ಮಲ್ಲಿ ಎಲ್ಲಿ ಹೋಗ್ತಿತ್ತಲೇ?”

“ಎಲ್ಲಿ ಅಂದ್ರ? ಹೊಟ್ಟಿನ ಗುಡ್ಡದಾಗ. ಹುಟ್ಟಿದ್ದೂ ಅಲ್ಲೇ, ಮಲಗಿದ್ದೂ ಅಲ್ಲೇ.”

ಭತ್ತದ ಹೊಟ್ಟು! ಗಿರಣಿಯ ಹಿಂದೆ ಬಂಗಾರದ ಬಣ್ಣದ ಗುಡ್ಡವೇ ಇತ್ತು. ಒಂದು ಚೀಲ ತುಂಬಿಸಿಕೊಂಡು ಬಂದ. ಆದರೆ ಚೀಲವನ್ನು ಮನೆಯೊಳಗೆ ತರಲಿಲ್ಲ. ಗಲ್ಲಿಯ ತುದಿಯಲ್ಲೇ ಗಾಡಿ ನಿಲ್ಲಿಸಿ, ಹೊಟ್ಟನ್ನು ಬಕೆಟ್ಟಿಗೆ ಸುರಿದು, ಚೀಲವನ್ನು ಮಡಿಚಿ ಸೀಟಿನ ಕೆಳಗೆ ತುರುಕಿ, ನಾಲ್ಕು ಸಲ ಓಡಾಡಿ ತಂದ. ಕಟ್ಟೆಯ ಮೇಲಿದ್ದವರು “ಏನೋ ಮಾರೇಶ, ಇಷ್ಟು ಜತನ, ಬಾಣಂತಿ ಬಂದಾಳೇನು ಮನಿಗೆ?” ಎಂದು ಚೇಷ್ಟೆ ಮಾಡಿದರು. ಅವನು “ಹಂಗ ಅನ್ಕೋರಿ” ಎಂದ. ನೀಲಾವತಿ ಬಾಗಿಲಲ್ಲಿ ನಿಂತು ಆ ಓಡಾಟ ನೋಡಿದಳು. ನಕ್ಕವರ ಮೇಲೆ ಸಿಟ್ಟು ಬಂತು, ಗಂಡನ ಮೇಲೆ ಬರಲಿಲ್ಲ.

ಟಬ್ಬಿಗೆ ಹೊಟ್ಟು ಬಿದ್ದ ಮೇಲೂ ಸೋಮವಾರ ಏನೂ ಆಗಲಿಲ್ಲ. ಮಂಗಳವಾರ ಬೂದೆವ್ವ ಬಂದು ಮೂಸಿತು, ಒಂದು ಕಾಲಿಟ್ಟಿತು, ತೆಗೆಯಿತು. ಅದೇ ಹೊತ್ತಿಗೆ ನೀಲಾವತಿಯ ಕರೆಂಟು ಮಷಿನ್ ಘರ್ರ್ ಎಂದಿತು, ಬೆಕ್ಕು ಮಾಯ. ಆಕೆ ನಾಲಿಗೆ ಕಚ್ಚಿಕೊಂಡಳು. ಮರುದಿನ ಬೂದೆವ್ವ ಬೀರುವಿನಿಂದ ತಲೆ ಹೊರಹಾಕಿದ್ದನ್ನು ಕಂಡದ್ದೇ ಆಕೆ ತಾನಾಗಿ ಕಾಲು ಎತ್ತಿ, ಸೂಜಿಯನ್ನು ಬಟ್ಟೆಯ ನಡುವೆಯೇ ನಿಲ್ಲಿಸಿ, ಉಸಿರು ಬಿಗಿಹಿಡಿದು ಗೋಡೆ ನೋಡುತ್ತ ಕೂತಳು. ಬಂಡಲು ತಡವಾದರೆ ತಡವಾಗಲಿ. ಹಿಂದೆ ಹೊಟ್ಟು ಸರ್ರನೆ ಸರಿದ ಸದ್ದು, ಕೆರೆದ ಸದ್ದು, ಆಮೇಲೆ ಸದ್ದಿಲ್ಲ. ಮತ್ತೆ ಕೆರೆದು ಮುಚ್ಚಿದ ಸದ್ದು.

ತಿರುಗಿ ನೋಡಿದಾಗ ಹೊಟ್ಟಿನ ಮೇಲೆ ಒದ್ದೆಯ ಗುರುತಿತ್ತು. ನೀಲಾವತಿ ಓಡಿಹೋಗಿ ಫೋನು ಹಚ್ಚಿದಳು. ತೆಕ್ಕಲಕೋಟೆಯ ಹತ್ತಿರ ಗಾಡಿ ಓಡಿಸುತ್ತಿದ್ದ ಮಾರೇಶ ಬದಿಗೆ ನಿಲ್ಲಿಸಿ ಎತ್ತಿದ. “ರೀ, ಹೋತು! ಟಬ್ಬಿನಾಗ ಹೋತು!” ಆ ಕಡೆಯಿಂದ ಅವನು ಮೂಗು ಏರಿಸಿಕೊಂಡ ಸದ್ದು ಕೇಳಿಸಿತು.

ಆದರೆ ಅಮಾವಾಸ್ಯೆ ಇನ್ನೂ ಬಾಕಿಯಿತ್ತು. ಕ್ಯಾಲೆಂಡರಿನಲ್ಲಿ ಬುಧವಾರದ ‘ನೀ’ಯಿಂದ ಒಂಬತ್ತು ಎಣಿಸಿದರೆ ಬರುವುದು ಅದೇ ಶುಕ್ರವಾರ. ನಳ ಒದರಿದರೆ ಎರಡು ದಿನದ ಕಲಿಕೆ ನೀರುಪಾಲು. ಅಕ್ಕನಿಂದ ಸುದ್ದಿ ತಿಳಿದಿದ್ದ ಹುಲುಗೇಶನಂತೂ ಕುರುಗೋಡಿನಿಂದ ಫೋನು ಮಾಡಿ, ಶುಕ್ರವಾರ ಸಂಜೆ ಬಳ್ಳಾರಿಗೆ ಬರುತ್ತೇನೆ, ಬೆಕ್ಕನ್ನು ಒಯ್ಯುತ್ತೇನೆ ಎಂದಿದ್ದ.

ಶುಕ್ರವಾರ ಬೆಳಿಗ್ಗೆಯೇ ಮಾರೇಶ ಗಾಡಿಗೆ ನಿಂಬೆಹಣ್ಣು ಕಟ್ಟಿ, ಗಾಡಿಯನ್ನು ಹೊರಗೆ ತೆಗೆಯದೆ ಮನೆಯಲ್ಲೇ ಉಳಿದ. ನಳದ ಬಾಯಿಗೆ ಹಳೇ ಜೀನ್ಸಿನ ಕಾಲನ್ನು ಉದ್ದಕ್ಕೆ ಕಟ್ಟಿ ಡ್ರಮ್ಮಿನೊಳಗೆ ಇಳಿಬಿಟ್ಟ, ಗಾಳಿಯ ಸದ್ದು ಬಟ್ಟೆ ನುಂಗಲಿ ಎಂದು. ಕೊಡಗಳ ಕೆಳಗೆ ಗೋಣಿಯ ಬದಲು ಕೌದಿ ಹಾಸಿದ. ಕೊಡ ಯಾರೂ ಕೆಡವಬಾರದು, ಓಡಬಾರದು, ಕೂಗಬಾರದು ಎಂದು ತಾಯಿಗೂ ಹೆಂಡತಿಗೂ ಅಪ್ಪಣೆ ಕೊಟ್ಟ. ಆ ಮನೆಯಲ್ಲಿ ಅವನು ಅಪ್ಪಣೆ ಕೊಟ್ಟದ್ದು ಅದೇ ಮೊದಲು.

ನಾಲ್ಕು ಗಂಟೆಗೆ ಪ್ರಭುಲಿಂಗ ಬಂಡಲಿಗೆ ಬಂದು ಕೂತಿದ್ದ. ನೀಲಾವತಿ ಮಷಿನ್ನಿಗೆ ಕಾಯಿ ಒಡೆಯಲು ಕೈಯೆತ್ತಿದ್ದಳು. ಆಗಲೇ ನೀರು ಬಂತು. ಗಲ್ಲಿಯ ತುಂಬ ಕೂಗು, ಓಟ, ಕೊಡಗಳ ಸದ್ದು. ಇವರ ಮನೆಯಲ್ಲಿ ನಳ ಬಟ್ಟೆಯೊಳಗೇ ಭುಸುಗುಟ್ಟಿ ಸುಮ್ಮನಾಯಿತು. ಆದರೂ ಬೂದೆವ್ವ ಕಿವಿ ಮಡಿಚಿ ಮಂಚದ ಕೆಳಗೆ ನುಗ್ಗಿತು. ದೊಡ್ಡಬಸಮ್ಮ ಕಳ್ಳಿಯ ಹಾಗೆ ತುದಿಗಾಲಲ್ಲಿ ಕೊಡ ಹೊತ್ತು ನಡೆದಳು. ಯಾರೂ ಮಾತಾಡಲಿಲ್ಲ. ನಾಲ್ಕು ಡ್ರಮ್ಮು ತುಂಬಿದವು, ಬೆಕ್ಕು ಹೊರಬರಲಿಲ್ಲ. ನೀಲಾವತಿಯ ಕೈಯಲ್ಲಿ ಕಾಯಿ ಹಾಗೇ ಇತ್ತು. ಒಡೆದರೆ ಗಡುವು ಮುಗಿದಂತೆ, ಒಡೆಯಲು ಆಕೆಗೆ ಮನಸ್ಸಿರಲಿಲ್ಲ.

ಐದೂವರೆಯ ಹೊತ್ತಿಗೆ ಮಂಚದ ಕೆಳಗಿಂದ ಒಂದು ಬೂದಿಬಣ್ಣದ ಮೂತಿ ಬಂತು. ಬಚ್ಚಲ ಕಡೆ ನೋಡಿತು. ಬೆಂಚಿನ ಮೇಲಿನ ಬಂಡಲುಗಳ ಕಡೆ ನೋಡಿತು. ಬೆಂಚಿನ ಕೆಳಗೆ ಬಂದು ನಿಂತು ಮೇಲಕ್ಕೆ ಕತ್ತೆತ್ತಿತು. ಪ್ರಭುಲಿಂಗ “ನೀಲಕ್ಕ, ನನ್ನ ಬಂಡಲು...” ಎಂದು ಏಳಹೋದ. ಮಾರೇಶ ಅವನ ಭುಜ ಒತ್ತಿ ಕೂರಿಸಿದ.

ಬೂದೆವ್ವ ಬೆಂಚು ಬಿಟ್ಟು ಮೂಲೆಗೆ ನಡೆಯಿತು. ಟಬ್ಬಿಗೆ ಹತ್ತಿತು. ಹೊಟ್ಟನ್ನು ಕೆರೆಯಿತು.

“ಆ ಕಡೆ ಮಾರಿ ಮಾಡಲೇ ಪ್ರಭು,” ಎಂದು ದೊಡ್ಡಬಸಮ್ಮ ಪಿಸುಗುಟ್ಟಿದಳು, “ಹೆಣ್ಣುಮಗಳು ಅದಾಳ.” ಮೇಸ್ತ್ರಿ ತೆಪ್ಪಗೆ ಗೋಡೆಯ ಕಡೆ ತಿರುಗಿದ. ನಾಲ್ಕು ಜನ ದೊಡ್ಡವರು ನಾಲ್ಕು ದಿಕ್ಕು ನೋಡುತ್ತ, ಕಿವಿಯೆಲ್ಲ ಒಂದೇ ಮೂಲೆಗೆ ಕೊಟ್ಟು ಕೂತರು. ಕೆರೆದು ಮುಚ್ಚಿದ ಸದ್ದು ಕೇಳಿದ ಮೇಲೆ ನೀಲಾವತಿ ಕಾಯಿ ಒಡೆದಳು. ಅಷ್ಟು ಮೆಲ್ಲಗೆ ಕಾಯಿ ಒಡೆದವರನ್ನು ಲಕ್ಷ್ಮಿಯೂ ಕಂಡಿರಲಿಕ್ಕಿಲ್ಲ.

ಪ್ರಭುಲಿಂಗ ಬಂಡಲು ಎತ್ತಿಕೊಂಡ. ಬಿಚ್ಚಲಿಲ್ಲ. ಹೆಗಲಿಗೇರಿಸಿಕೊಂಡು, “ಮಾರೇಶಣ್ಣ, ನೀನು ಮನಷ್ಯಾ ಅಲ್ಲ ಬಿಡು!” ಎಂದು ಹೊಗಳಿ ಹೋದ.

ನೀಲಾವತಿ ಕಾಯಿಯ ಹೋಳು ಗಂಡನ ಕೈಗಿಟ್ಟಳು. “ಹೆಂಗ ತಿಳೀತ್ರಿ ನಿಮಗ ಇದೆಲ್ಲ? ಅಂಜಿದ ಜೀವ ಎಲ್ಲಿ ಹೋಗ್ತೈತಿ, ಎಲ್ಲಿ ಹೋಗಂಗಿಲ್ಲ ಅನ್ನೋದು?”

“ಒಂದು ಸಲ ನೋಡಿದ್ದೆ,” ಎಂದ ಅವನು.

“ಯಾರನ್ನ?”

ಮಾರೇಶ ಕಾಯಿಯನ್ನು ಹಲ್ಲಿಂದ ಬಿಡಿಸತೊಡಗಿದ. ದೊಡ್ಡಬಸಮ್ಮನಿಗೆ ತಡೆಯಲಾಗಲಿಲ್ಲ.

“ಇನ್ನ ಹೇಳಲೇ ಮಾರ್ಯಾ, ಎಷ್ಟು ವರ್ಷ ನನ್ನ ಮೊಣಕಾಲು ಅಡ್ಡ ಇಡ್ತಿ?” ಎಂದವಳೇ ಸೊಸೆಯ ಕಡೆ ತಿರುಗಿದಳು. “ಯವ್ವಾ ನೀಲವ್ವ, ಎಪ್ಪತ್ತೆಂಟಾದ್ರೂ ದುರ್ಗಮ್ಮನ ಗುಡಿಗೆ ನಡಕೊಂಡು ಹೋಗಿ ಬರ್ತೀನಿ. ಸಂಡಾಸು ಕಟ್ಟಿದಾಗ ನನಗ ಐವತ್ನಾಕು. ಯಾವ ಮೊಣಕಾಲು ನೋಯತಿತ್ತು ನಂದು? ‘ಅವ್ವಾ, ಯಾರರ ಕೇಳಿದ್ರ ಕಾಲು ನೋವು ಅನ್ನು, ಅಕಿ ಹೆಸರು ಬರಬಾರದು, ಗಲ್ಲಿಯವ್ರು ನಗ್ತಾರ’ ಅಂತ ನನ್ನ ಕೈ ಹಿಡಕೊಂಡಿದ್ದ. ನಾಕು ದಿನ ಬೇಕಂತ ಕುಂಟಿದೆ ನಾನು.”

ನೀಲಾವತಿ ಗಂಡನನ್ನೇ ನೋಡಿದಳು.

“ನಿಮಗ ಗೊತ್ತಿತ್ತೇನ್ರಿ?”

“ಮಧ್ಯಾಹ್ನದ ಮ್ಯಾಲೆ ನೀರು ಕುಡಿಯೋದು ಬಿಟ್ಟಿದ್ದಿ,” ಎಂದ ಮಾರೇಶ. “ತಂಬಿಗಿ ತುಂಬಿಟ್ರ ಬೆಳಿಗ್ಗೆ ತುಂಬಿದಂಗ ಇರ್ತಿತ್ತು. ಮೂರು ದಿನ ನೋಡಿದೆ. ನಾಕನೇ ದಿನ ಗುಂಡಿ ತೋಡಿದೆ.”

ನನಗಂತ ಏನು ಮಾಡೀರಿ ಎಂದು ಎಂಟು ದಿನದ ಹಿಂದೆ ಕೇಳಿದ ಬಾಯಿ ಆಕೆಯದೇ. ಅದಕ್ಕೆ ಉತ್ತರ ಇಪ್ಪತ್ತನಾಲ್ಕು ವರ್ಷದಿಂದ ಹಿತ್ತಲಲ್ಲಿ, ಬಾಗಿಲು ಚಿಲಕ ಸಮೇತ ನಿಂತಿತ್ತು. ನೀಲಾವತಿಗೆ ಅಳು ಉಕ್ಕಿ ಬಂತು, ಈ ಸಲ ಕೊಡದ ಸದ್ದಿನ ಮರೆ ಬೇಕಾಗಲಿಲ್ಲ. ಅತ್ತೆಯ ಮುಂದೆಯೇ ಗಂಡನ ಹೆಗಲಿಗೆ ಹಣೆಯಿಟ್ಟು ಅತ್ತಳು. ಅತ್ತೆ ಎಲೆಯಡಿಕೆ ಕುಟ್ಟತೊಡಗಿದಳು, ಬೇಕೆಂದೇ ಜೋರಾಗಿ.

ಫೋನು ಹೊಡೆದುಕೊಂಡಿತು. ಹುಲುಗೇಶ ಬಸ್ ಸ್ಟ್ಯಾಂಡಿನಲ್ಲಿ ಇಳಿದಿದ್ದ. “ಅಕ್ಕಾ, ಬೆಕ್ಕು ಒಯ್ಯಾಕ ಚೀಲ ತಂದೀನಿ. ಬರ್ಲೇನು?”

“ಊಟಕ್ಕ ಬಾ,” ಎಂದಳು ನೀಲಾವತಿ, ಮೂಗು ಒರೆಸಿಕೊಳ್ಳುತ್ತ. “ಚೀಲ ಅಲ್ಲೇ ಒಗದು ಬಾ. ನಮ್ಮ ಮನ್ಯಾಗ ಚೀಲ ತರೋ ಹಂಗಿಲ್ಲ.”

ಫೋನಿಟ್ಟು ಟಬ್ಬಿನ ಹತ್ತಿರ ಹೋದಳು. ಮಾರೇಶ ಏಳಹೋದದ್ದನ್ನು ಕಂಡು, “ಕುಂದರ್ರಿ ನೀವು, ಇವತ್ತಿಂದ ಇದು ನನ್ನ ಕೆಲಸ,” ಎಂದು ಒದ್ದೆಯಾದ ಹೊಟ್ಟನ್ನು ಸೌಟಿನಿಂದ ತೆಗೆದು ಹೊಸ ಹೊಟ್ಟು ಹಾಕಿದಳು. ಆಮೇಲೆ ಕೈತೊಳೆದು, ಪೆನ್ಸಿಲ್ ಹುಡುಕಿ, ಕ್ಯಾಲೆಂಡರಿನ ಶುಕ್ರವಾರದ ಮನೆಯಲ್ಲಿ ‘ನೀ’ ಎಂದು ಬರೆದಳು. ಅದರ ಪಕ್ಕದಲ್ಲಿ, ಅಷ್ಟೇ ದೊಡ್ಡದಾಗಿ, ‘ಬೂ’ ಎಂದೂ ಬರೆದಳು.